ಬಾರ್ಲಿ ಅಂಬಲಿ

ಜೇವರ್ಗಿಯಲ್ಲಿರುವ ನಮ್ಮಕ್ಕ ಬಹಳ ದಿನಗಳಿಂದ ಓಣಿಯವರಿಗೆಲ್ಲ ಒಂದು ಸುದ್ದಿ ಹೇಳಿಕೊಂಡು ಬಂದಿದ್ದಳು. ಅಮೆರಿಕದ ಡಲ್ಲಾಸಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅವಳ ಮಗ, ಅಂದರೆ ನನ್ನ ಸೋದರಳಿಯ, ಅಲ್ಲಿ ತನ್ನ ಕೈಯಾರೆ ಬಾರ್ಲಿ ಅಂಬಲಿ ಮಾಡಿಕೊಂಡು ಕುಡಿಯುತ್ತಾನಂತೆ. “ಅಷ್ಟು ದೂರ ಹೋದ್ರೂ ನಮ್ಮ ಹುಡುಗ ಅಂಬಲಿ ಬಿಟ್ಟಿಲ್ಲ ನೋಡ್ರಿ. ಅಲ್ಲಿ ನಮ್ಮಂಥ ಜ್ವಾಳ ಸಿಗಲ್ಲಂತ, ಅದಕ್ಕ ಬಾರ್ಲಿ ಹಾಕ್ತಾನ. ಬಾರ್ಲಿ ಕಿಡ್ನಿಗಿ ಭಾಳ ಚೊಲೋ.” ಈ ಮಾತು ಕೇಳಿದ ಓಣಿಯ ತಾಯಂದಿರು ತಮ್ಮ ತಮ್ಮ ಮಕ್ಕಳ ಕಡೆ ಒಂದು ನೋಟ ಹರಿಸುತ್ತಿದ್ದರು. ಇವು ಬೆಂಗಳೂರಿಗೆ ಹೋಗಿ ವರ್ಷ ತುಂಬುವುದರೊಳಗೆ ರೊಟ್ಟಿಯನ್ನೇ ಮರೆತು ಬಂದವಲ್ಲ ಎಂಬ ನೋಟ.

ನಿಜ ಗೊತ್ತಿದ್ದದ್ದು ನನಗೊಬ್ಬನಿಗೆ. ಅಳಿಯ ಒಮ್ಮೆ ಫೋಟೋ ಕಳಿಸಿದ್ದ. ಗ್ಯಾರೇಜಿನ ಮೂಲೆಯಲ್ಲಿ ಗಾಜಿನ ದೊಡ್ಡ ಬುರುಡೆ, ಬಾಯಿಗೆ ಗಟ್ಟಿ ಬಿರಡೆ, ಬಿರಡೆಯಿಂದ ಮೇಲೆದ್ದ ಸಣ್ಣ ಕೊಳವೆ, ಒಳಗೆ ಕೆಂಪು ದ್ರವ, ಮೇಲೆ ನೊರೆ. ಕೆಳಗೆ ಬರೆದಿದ್ದ: “ಮಾಮಾ, ಇದು ಬಿಯರ್. ಅವ್ವಗ ಹೇಳಬ್ಯಾಡ.” ನಾನು ಆಳಂದದಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು. ಸುಳ್ಳು ಹೇಳಬಾರದೆಂದು ತಲೆಮಾರುಗಟ್ಟಲೆ ಮಕ್ಕಳಿಗೆ ಕಲಿಸಿದ್ದೇನೆ. ಸುಮ್ಮನಿರಬಾರದೆಂದು ಮಾತ್ರ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಹಾಗಾಗಿ ಸುಮ್ಮನಿದ್ದೆ.

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಅಂಬಲಿಗೆ ಎರಡು ಕಾಲ. ಬೇಸಿಗೆಯಲ್ಲಿ ಬಿಸಿಲು 42–43 ಡಿಗ್ರಿ ಮುಟ್ಟಿದಾಗ ಅದು ಔಷಧ. ಚಳಿಗಾಲದಲ್ಲಿ ಎಳ್ಳಮಾವಾಸ್ಯೆಗೆ ಅದೇ ನೈವೇದ್ಯ. ಎಳ್ಳಮಾವಾಸ್ಯೆ ಬರುವುದು ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ. ಆಗ ಹಿಂಗಾರಿ ಜೋಳ ತೆನೆ ಹೊರಡುವ ಹೊತ್ತು, ಕಡಲೆ ಹೂ ಬಿಡುವ ಹೊತ್ತು, ತೊಗರಿ ಕೊಯ್ಲಿನ ಹೊತ್ತು. ಊರಿಗೆ ಊರೇ ಬೀಗ ಹಾಕಿಕೊಂಡು ಹೊಲಕ್ಕೆ ಹೋಗುತ್ತದೆ. ಸಜ್ಜೆ ರೊಟ್ಟಿ, ಸಜ್ಜೆ ಕಡಬು, ಶೇಂಗಾ ಹೋಳಿಗೆ, ಹತ್ತಾರು ಕಾಳು ಸೊಪ್ಪು ಕೂಡಿಸಿ ಕುದಿಸಿದ ಬಜ್ಜಿ, ಗಡಿಗೆ ತುಂಬ ಅಂಬಲಿ. ಮೊದಲು ಹೊಲಕ್ಕೆ ಚರಗ ಚೆಲ್ಲಬೇಕು. ಭೂಮಿತಾಯಿ ಉಂಡ ಮೇಲೆ ನಾವು. ಗಡಿಯಾಚೆ ಲಾತೂರು, ಧಾರಾಶಿವದ ಮರಾಠಿ ಜನ ಇದೇ ದಿನ ಇದೇ ಬಜ್ಜಿ, ಇದೇ ಅಂಬಲಿ ಹೊತ್ತು ತಮ್ಮ ಹೊಲಗಳಿಗೆ ಹೋಗುತ್ತಾರೆ. ಆಳಂದದ ಬೀಗತನಗಳು ಆ ಕಡೆಗೂ ಹಬ್ಬಿರುವುದರಿಂದ ಹಬ್ಬ ಯಾರಿಂದ ಯಾರು ಕಲಿತರೆಂಬ ಜಗಳವನ್ನು ಯಾರೂ ತೆಗೆಯುವುದಿಲ್ಲ.

ಉಂಡ ಮೇಲೆ ಬನ್ನಿ ಗಿಡದ ನೆರಳಿಗೆ ಒಂದು ನಿದ್ದೆ ಬರುತ್ತದೆ ನೋಡಿ, ಅಂಥ ನಿದ್ದೆ ವರ್ಷಕ್ಕೊಂದೇ. “ಮಾಸ್ತರ್‌ಗ ಅಂಬಲಿ ಏರ್ಯಾದ” ಎಂದು ಮಂದಿ ನಗುತ್ತಾರೆ. ನಾಲ್ಕು ಕಡಬು, ಎರಡು ಹೋಳಿಗೆ, ಲೆಕ್ಕವಿಲ್ಲದ ಬಜ್ಜಿ ತಿಂದು ಬಿಸಿಲಿಗೆ ಕೂತವನಿಗೆ ಬರೀ ನೀರು ಕುಡಿಸಿದರೂ ಏರುತ್ತದೆ. ಆದರೂ ಆಪಾದನೆ ಪ್ರತಿವರ್ಷ ಅಂಬಲಿಯ ತಲೆಗೇ.

ಅಂಬಲಿ ಮಾಡುವುದರಲ್ಲಿ ನಮ್ಮ ಮನೆಯಲ್ಲಿ ಮೂರು ತಾಲ್ಲೂಕುಗಳಿವೆ. ತೀರಿಹೋದ ನಮ್ಮವ್ವ ಆಳಂದದವಳು. ಹಸಿ ಜೋಳದ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿಟ್ಟು, ಹುಳಿ ಬಂದ ಮೇಲೆ ಕುದಿಸುತ್ತಿದ್ದಳು. ನನ್ನ ಹೆಂಡತಿ ಅಫಜಲಪುರ ಕಡೆಯವಳು, ಭೀಮಾ ನದಿಯ ದಂಡೆಯವಳು. ಇವಳು ಮೊದಲು ಹಿಟ್ಟು ಕುದಿಸಿ, ಆರಿಸಿ, ಆಮೇಲೆ ಮಜ್ಜಿಗೆ ಬೆರೆಸಿ ಹುಳಿಗೆ ಬಿಡುತ್ತಾಳೆ. ಜೇವರ್ಗಿಗೆ ಕೊಟ್ಟ ಅಕ್ಕ ಅಲ್ಲಿಯ ಅತ್ತೆಯಿಂದ ಕಲಿತು ಜೋಳದ ನುಚ್ಚು ಬೇಯಿಸಿ ಹಾಕುತ್ತಾಳೆ, ಬೆಳ್ಳುಳ್ಳಿಯನ್ನು ಧಾರಾಳವಾಗಿ ಜಜ್ಜುತ್ತಾಳೆ. ಮೂವರೂ ಒಪ್ಪಿದ ಸಂಗತಿಗಳು ಎರಡೇ. ಜೋಳ ಮಾಲ್ದಂಡಿಯೇ ಆಗಬೇಕು ಎಂಬುದು ಒಂದು. ಉಳಿದಿಬ್ಬರು ಮಾಡುವುದು ಅಂಬಲಿಯೇ ಅಲ್ಲ ಎಂಬುದು ಇನ್ನೊಂದು. ಮಾಲ್ದಂಡಿಯ ಹೆಸರು ಬಂದದ್ದಕ್ಕೆ ಹೇಳಿಬಿಡುತ್ತೇನೆ: ಹೊಲದಲ್ಲಿ ಈಗಲೂ ರೈತರು ಬಿಡದೆ ಬಿತ್ತುವ ಎಂ 35-1 ತಳಿ ಹುಟ್ಟಿದ್ದು ನಮ್ಮ ನೆರೆಯ ಸೊಲ್ಲಾಪುರ ಜಿಲ್ಲೆಯ ಮೋಹೋಳದ ಸಂಶೋಧನಾ ಕೇಂದ್ರದಲ್ಲಿ, ಬ್ರಿಟಿಷರ ಕಾಲದಲ್ಲಿ. ಅದರ ಮೇಲೆ ಎಷ್ಟೋ ಹೊಸ ತಳಿಗಳು ಬಂದವು. ರೊಟ್ಟಿ ಬಡಿಯುವವರು ಒಪ್ಪಲಿಲ್ಲ.

ಈ ಸಲದ ಹಬ್ಬಕ್ಕೆ ಅಕ್ಕ ಆಳಂದಕ್ಕೆ ಬಂದಿದ್ದಳು. ಪಾಳಿ ನನ್ನ ಹೆಂಡತಿಯದು. ಕುದಿಸಿದ್ದಾಯಿತು, ಆರಿಸಿದ್ದಾಯಿತು, ಮಜ್ಜಿಗೆ ಬೆರೆಸಿ ಗಡಿಗೆಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿದ್ದಾಯಿತು. ಮರುದಿನ ಬಟ್ಟೆ ಬಿಚ್ಚಿದರೆ ಗಂಜಿ ಗಂಜಿಯಾಗಿಯೇ ಕೂತಿತ್ತು. ಹುಳಿ ಇಲ್ಲ, ಗುಳ್ಳೆ ಇಲ್ಲ, ವಾಸನೆ ಇಲ್ಲ. ಅದರ ಮರುದಿನವೂ ಅದೇ ಕಥೆ. ಹಬ್ಬ ಬಾಗಿಲಿಗೆ ಬಂದಿತ್ತು.

ನಮ್ಮ ಕಟ್ಟೆಯ ಮೇಲೆ ತಕ್ಷಣ ಸಭೆ ಕೂಡಿತು. ಒಂದು ಗಡಿಗೆ ಕೆಟ್ಟರೆ ಹತ್ತು ಪಂಡಿತರು ಹುಟ್ಟುತ್ತಾರೆ. ಎದುರುಮನೆಯ ನಿವೃತ್ತ ಕಂಪೌಂಡರು ಚಮಚದಿಂದ ಎತ್ತಿ ನೋಡಿ “ಇನ್ಫೆಕ್ಷನ್” ಎಂದರು. ಗೊಬ್ಬರದ ಅಂಗಡಿಯವನು ಜೋಳಕ್ಕೆ ಯಾವ ಔಷಧ ಹೊಡೆದಿದ್ದರೆಂದು ವಿಚಾರಿಸಿದ. ಓಣಿಯ ಹಿರಿಯ ಆಯಿ ಗಡಿಗೆಯನ್ನು ಒಳಗಿಡುವಾಗ ಯಾರು ನೋಡಿದರೆಂದು ಕೇಳಿದಳು. ಎಲ್ಲರೂ ಹೌದೌದೆಂದು ತಲೆಯಾಡಿಸಿದರು, ಕೊನೆಗೆ ಎಲ್ಲರ ಕಣ್ಣೂ ನನ್ನ ಮೇಲೆ ನೆಟ್ಟವು. ನೋಡಿದ್ದು ನಾನೇ. ನನ್ನ ದೃಷ್ಟಿಗೆ ಅಷ್ಟು ಶಕ್ತಿಯಿದ್ದರೆ ಏಳನೇ ಇಯತ್ತೆಯ ಹಿಂದಿನ ಬೆಂಚು ಎಂದೋ ಸುಟ್ಟು ಬೂದಿಯಾಗಬೇಕಿತ್ತು. ಅಕ್ಕ ಮಾತ್ರ ಏನೂ ಹೇಳದೆ ನಕ್ಕಳು. ಜೇವರ್ಗಿ ಪದ್ಧತಿಯಲ್ಲಿ ಮಾಡಿದ್ದರೆ ಹೀಗಾಗುತ್ತಿರಲಿಲ್ಲ ಎಂಬ ನಗು. ನನ್ನ ಹೆಂಡತಿಗೆ ಇನ್ಫೆಕ್ಷನ್ನಿಗಿಂತ ಆ ನಗೆಯೇ ಹೆಚ್ಚು ತಾಗಿತು.

ಅದೇ ಹೊತ್ತಿಗೆ ಅಳಿಯನ ವಿಡಿಯೊ ಕಾಲ್ ಬರಬೇಕೆ! ಅವನ ಮುಖವೂ ಗಂಜಿಯಾಗಿತ್ತು.

“ಮಾಮಾ, ನಂದು ನಿಂತುಬಿಟ್ಟದ.”

“ಏನಪ್ಪಾ ನಿಂತದ್ದು?” ಎಂದಳು ಅಕ್ಕ, ನನ್ನ ಹೆಗಲ ಹಿಂದಿನಿಂದ. ಅವ್ವ ಅಲ್ಲಿರುವುದು ಅವನಿಗೇನು ಗೊತ್ತು. ಗಾಬರಿಯಾಗಿ “ಅಂಬಲಿ, ಅವ್ವಾ. ಬಾರ್ಲಿ ಅಂಬಲಿ” ಎಂದ.

“ನಮ್ದೂ ನಿಂತದ. ನಿಂದು ಹ್ಯಾಂಗ ನಿಂತದ?”

ಅವನು ಹೇಳಿದ. ಸಕ್ಕರೆ ಕರಗಿದ ನೀರು ಬರೀ ನೀರಿಗಿಂತ ಭಾರ. ಯೀಸ್ಟ್ ಸಕ್ಕರೆಯನ್ನು ತಿನ್ನುತ್ತ ಹೋದ ಹಾಗೆ ದ್ರವ ಹಗುರಾಗುತ್ತದೆ. ಅದನ್ನು ಅಳೆಯಲು ಹೈಡ್ರೊಮೀಟರ್ ಎಂಬ ತೇಲುವ ಗಾಜಿನ ಕಡ್ಡಿ. ಅದು 1.010ರ ಆಸುಪಾಸಿಗೆ ಇಳಿಯಬೇಕಾಗಿತ್ತು, 1.030ರಲ್ಲೇ ನಿಂತಿದೆ. ಕೊಳವೆಯಲ್ಲಿ ಗುಳ್ಳೆ ಇಲ್ಲ. ಮೇಲಿಂದ ಬೆಣ್ಣೆಯ ವಾಸನೆ.

“ಬೆಣ್ಣಿ ವಾಸನಿ ಬರ್ಲತ್ತಂದ್ರ ಕೆಟ್ಟದ್ದು ಹ್ಯಾಂಗಾಯ್ತೋ?” ಎಂದಳು ಅಕ್ಕ.

ಕೆಡುವುದರಲ್ಲೂ ಎಷ್ಟು ಬಗೆ ಎಂದು ಅವನು ಬಿಡಿಸಿ ಹೇಳತೊಡಗಿದ. ಬೆಣ್ಣೆಯ ವಾಸನೆ ಬಂದರೆ ಡೈಅಸೆಟೈಲ್. ಯೀಸ್ಟ್ ಅರ್ಧ ಕೆಲಸದಲ್ಲಿ ಉಗುಳಿದ್ದು. ಬೆಚ್ಚಗಿಟ್ಟು ಎರಡು ಮೂರು ದಿನ ಬಿಟ್ಟರೆ ತಾನೇ ಮತ್ತೆ ನುಂಗುತ್ತದೆ. ಹಸಿ ಸೇಬಿನ ವಾಸನೆ ಬಂದರೆ ಇನ್ನೂ ಎಳಸು. ಬಾಳೆಹಣ್ಣಿನ ವಾಸನೆ ಬಂದರೆ ಬಹುತೇಕ ಹುದುಗುವಾಗ ಕಾವು ಹೆಚ್ಚಾಗಿದೆ, ಬೇಕೆಂದೇ ಅದನ್ನು ಬರಿಸುವ ಜರ್ಮನಿಯ ಗೋಧಿ ಬಿಯರ್ ಬೇರೆ ಮಾತು. ನೆನೆದ ರಟ್ಟಿನ ವಾಸನೆ ಬಂದರೆ ಗಾಳಿ ಹೊಕ್ಕಿದೆ. ಬಿಸಿಲು ತಾಗಿದರೆ ಹಾಪ್ ಎಂಬ ಕಹಿ ಹೂವಿನ ಸಾರ ಕೆಟ್ಟು ನಾರುತ್ತದೆ, ಕಂದು ಬಾಟಲಿ ಅದಕ್ಕೇ. ಮಾತಿನ ಭರದಲ್ಲಿ ಅವನು “ಗೋಧಿ ಬಿಯರ್”, “ಬಾಟಲಿ” ಎಂದದ್ದು ಅವನಿಗೇ ತಿಳಿಯಲಿಲ್ಲ. ಅಕ್ಕನಿಗೆ ತಿಳಿಯಿತು. ಕಟ್ಟೆಯ ಮೇಲೆ ಯಾರೂ ಉಸಿರು ಬಿಡಲಿಲ್ಲ. ನಾನು ನೆಲ ನೋಡಿದೆ.

ಆದರೆ ನಮ್ಮಕ್ಕ ನಮ್ಮವ್ವನ ಮಗಳು. ಮೊದಲ ಪ್ರಶ್ನೆ: “ಪೊಲೀಸ್ರು ಹಿಡಿಯಲ್ಲೇನು?”

ಇಲ್ಲ ಎಂದು ಅವನು ಕಾನೂನು ಹೇಳಿದ. ಅಮೆರಿಕದಲ್ಲೂ ಮನೆಯಲ್ಲಿ ಬಿಯರ್ ಮಾಡುವುದು ಒಂದು ಕಾಲಕ್ಕೆ ಅಪರಾಧವೇ ಆಗಿತ್ತು. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ ಬಿಡುಗಡೆ. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಹೆಚ್ಚುಕಡಿಮೆ 750 ಲೀಟರ್ ತನಕ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆ ಇದೆ. ಲೈಸೆನ್ಸ್ ಇಲ್ಲದೆ ಒಂದು ಲೋಟ ಭಟ್ಟಿ ಇಳಿಸಿದರೂ ಬಿಯರ್ ಹುದುಗಿಸಿದರೂ ಅಪರಾಧ. 2007ರ ಜುಲೈ 1ರಿಂದ ಸಾರಾಯಿಯೇ ಬಂದ್ ಆಯಿತು. ಆದ್ದರಿಂದ ಓದುಗರು ಈ ಪ್ರಬಂಧ ಓದಿ ಗ್ಯಾರೇಜಿಗೆ ಓಡಬಾರದೆಂದು ವಿನಂತಿ. ನಮ್ಮ ಬಹಳ ಜನಕ್ಕೆ ಗ್ಯಾರೇಜೂ ಇಲ್ಲ, ಅದು ಬೇರೆ.

ಅಕ್ಕ 750 ಲೀಟರನ್ನು ಮನಸ್ಸಿನಲ್ಲೇ ಗಡಿಗೆಗಳಿಗೆ ಭಾಗಿಸಿ, “ಅಷ್ಟು ಕುಡಿಲಿಕ್ಕ ನೀ ಏನು ಊರಿಗೆಲ್ಲ ಜಾತ್ರಿ ಮಾಡ್ತೀಯೇನು?” ಎಂದು ಕೇಳಿ, ಉತ್ತರಕ್ಕೆ ಕಾಯದೆ, “ಮೊದಲ ನಿಮ್ಮ ಅತ್ತಿ ಗಡಿಗಿಗಿ ಏನಾಗ್ಯಾದ ಹೇಳು” ಎಂದಳು. ತೀರ್ಪು ಮುಂದೂಡಲ್ಪಟ್ಟಿತ್ತು.

ಹುಳಿಯ ಜೀವಾಣುಗಳೆಂದರೆ ಬೀಗರು. ಕರೆದ ಮಾತ್ರಕ್ಕೆ ಬರುವುದಿಲ್ಲ, ಬಂದರೂ ಬೆಚ್ಚಗೆ ಕೂಡಿಸಿ ಉಪಚಾರ ಮಾಡಬೇಕು. ಅಳಿಯ ಆ ಉಪಚಾರದ ಲೋಪಗಳನ್ನೇ ಒಂದೊಂದಾಗಿ ವಿಚಾರಿಸಿದ. ಗಂಜಿ ಸುಡುವಾಗಲೇ ಮಜ್ಜಿಗೆ ಹಾಕಿದಿರಾ? ಹಾಕಿದ್ದರೆ ಜೀವಾಣುಗಳು ಅಲ್ಲೇ ಬೆಂದವು. “ಬೆರಳು ತಡಿಯೋಷ್ಟು ಆರಿಸೀನಿ” ಎಂದಳು ನನ್ನವಳು, ಸ್ವಲ್ಪ ಬಿಗಿಯಾಗಿ. ಉಪ್ಪು ಮೊದಲೇ ಹಾಕಿದಿರಾ? ಉಪ್ಪು ಹುಳಿಯ ಕಾಲು ಹಿಡಿದು ಎಳೆಯುತ್ತದೆ. “ಉಪ್ಪು ಯಾರರೆ ಮೊದಲ ಹಾಕ್ತಾರೇನು?” ನೀರು ಯಾವುದು? ನಳದ್ದು. ಆಗ ಅವನು ಸ್ವಲ್ಪ ತಡೆದ. ನಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಇರುವುದೇ ಜೀವಾಣುಗಳನ್ನು ಕೊಲ್ಲಲು. ಒಳ್ಳೆಯದು ಕೆಟ್ಟದ್ದು ಅದಕ್ಕೆ ಗೊತ್ತಾಗದು. ಬಿಯರ್ ಮಾಡುವವರು ನೀರನ್ನು ಕುದಿಸುತ್ತಾರೆ, ಇಲ್ಲವೆ ಹಿಂದಿನ ರಾತ್ರಿಯೇ ತೆರೆದಿಡುತ್ತಾರೆ. ಗಂಜಿಯ ನೀರು ಕುದಿದಿತ್ತು. ಆದರೆ ಆಮೇಲೆ ತೆಳ್ಳಗೆ ಮಾಡಲು ಬೆರೆಸಿದ್ದು ನಳದ್ದೇ. ಕೊನೆಯ ಪ್ರಶ್ನೆ: ರಾತ್ರಿ ಎಷ್ಟು ಥಂಡಿ? ಕಲಬುರಗಿ ಸೀಮೆಯೆಂದರೆ ಬಿಸಿಲು ಎಂದೇ ಲೋಕ ತಿಳಿದಿದೆ. ಡಿಸೆಂಬರ್ ರಾತ್ರಿ ಒಮ್ಮೊಮ್ಮೆ 12–13 ಡಿಗ್ರಿಗೆ ಇಳಿಯುತ್ತದೆ. ಮೊಸರಿನ ಜೀವಾಣುಗಳಿಗೆ 30ರ ಆಚೀಚೆ ಹಿತ. 12ರಲ್ಲಿ ಅವು ಕೌದಿ ಹೊದ್ದು ಮಲಗುತ್ತವೆ, ಸಾಯುವುದಿಲ್ಲ.

“ಹಂಗಾದ್ರ ನಿನ್ನ ಗ್ಯಾರೇಜಿನ್ಯಾಗ ಥಂಡಿ ಇಲ್ಲೇನು?” ಎಂದಳು ನನ್ನ ಹೆಂಡತಿ.

ಡಲ್ಲಾಸಿನ ಕಡೆಯಿಂದ ಮಾತೇ ಇಲ್ಲ. ಹೈಡ್ರೊಮೀಟರ್ ಕೊಂಡವನಿಗೆ ಗ್ಯಾರೇಜು ತಣ್ಣಗಿದೆ ಎನ್ನುವುದನ್ನು ಅಫಜಲಪುರದವಳು ಹೇಳಬೇಕಾಯಿತು. ಕಡ್ಡಿಯ ಅಂಕಿ ಓದಲು ಬಂದರೆ ಸಾಲದು, ಕೋಣೆಯನ್ನೂ ಮುಟ್ಟಿ ನೋಡಬೇಕು. ಹಾಗೆಂದು ನಮ್ಮ ಕಟ್ಟೆಯ ಜಾಣತನವೂ ದೊಡ್ಡದೇನಲ್ಲ. ಹತ್ತು ಜನ ಕೂಡಿ ದೃಷ್ಟಿಯವರೆಗೆ ಹೋಗಿದ್ದೆವು, ಥಂಡಿಯ ಹೆಸರು ಒಬ್ಬರೂ ಎತ್ತಿರಲಿಲ್ಲ, ಕೂತಿದ್ದವರೆಲ್ಲ ಶಾಲು ಹೊದ್ದಿದ್ದರೂ.

ಪಾತ್ರೆ ಕೆಟ್ಟಾಗ ಕಾರಣ ಹುಡುಕುವ ಚಟ ಭಾರಿ ಭಾರಿ ಮನುಷ್ಯರನ್ನೂ ಹಿಡಿದಿದೆ. ಫ್ರಾನ್ಸಿನ ಲೂಯಿ ಪಾಶ್ಚರ್ ತನ್ನ ದೇಶ ಜರ್ಮನರಿಗೆ ಯುದ್ಧದಲ್ಲಿ ಸೋತ ಸಿಟ್ಟಿಗೆ, ಬಿಯರಿನಲ್ಲಾದರೂ ಅವರನ್ನು ಸೋಲಿಸಬೇಕೆಂದು ಹೊರಟ. 1871ರಲ್ಲಿ ಲಂಡನ್ನಿನ ವಿಟ್‌ಬ್ರೆಡ್ ಬಿಯರ್ ಕಾರ್ಖಾನೆಗೆ ಹೋಗಿ ಅವರ ಯೀಸ್ಟನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಕರೆಯದೆ ಬಂದ ಜೀವಾಣುಗಳನ್ನು ತೋರಿಸಿದ. ವಾರ ಬಿಟ್ಟು ಮತ್ತೆ ಹೋದರೆ ಅವರೇ ಒಂದು ಸೂಕ್ಷ್ಮದರ್ಶಕ ಕೊಂಡು ತಂದಿದ್ದರು. 1876ರಲ್ಲಿ ಬಿಯರಿನ ಮೇಲೆ ದೊಡ್ಡ ಗ್ರಂಥವನ್ನೇ ಬರೆದ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಕೆಟ್ಟಾಗ ಅಲ್ಲಿನ ಪ್ರಯೋಗಾಲಯದ ಎಮಿಲ್ ಹ್ಯಾನ್ಸನ್ ಕಾಡು ಯೀಸ್ಟನ್ನು ಪತ್ತೆಹಚ್ಚಿ, 1883ರಲ್ಲಿ ಒಂದೇ ಕಣದಿಂದ ಶುದ್ಧ ಯೀಸ್ಟ್ ಬೆಳೆಸಿದ. ಅದೇ ಪ್ರಯೋಗಾಲಯದ ಸೊರೆನ್ಸನ್ 1909ರಲ್ಲಿ ಪಿಎಚ್ ಅಳತೆ ಕಂಡುಹಿಡಿದ. ನಮ್ಮ ಕಂಪೌಂಡರ ಮೊಮ್ಮಗ ಬಿಎಸ್ಸಿ ಓದುತ್ತಾನೆ. ಓಡಿಹೋಗಿ ಪಿಎಚ್ ಕಾಗದ ತಂದು ಗಡಿಗೆಯಲ್ಲಿ ಅದ್ದಿದ. ಹುಳಿಗೆ ನಾಲ್ಕರ ಆಸುಪಾಸಿಗೆ ಇಳಿಯಬೇಕಾದದ್ದು ಆರರ ಹತ್ತಿರವೇ ಇತ್ತು. ಬಿಯರಿನ ಮನೆಯಲ್ಲಿ ಹುಟ್ಟಿದ ಅಳತೆಯಿಂದ ಎಳ್ಳಮಾವಾಸ್ಯೆಯ ನೈವೇದ್ಯ ಅಳೆದದ್ದು ಹೀಗೆ. ಆಯಿಗೆ ಇದನ್ನು ನಾನು ಹೇಳಲಿಲ್ಲ. ಸುಮ್ಮನಿರುವುದು ನನಗೆ ರೂಢಿಯಾಗಿತ್ತು.

ಚಿಕಿತ್ಸೆ ಎರಡೂ ಕಡೆ ಒಂದೇ. ನನ್ನ ಹೆಂಡತಿ ಗಡಿಗೆಗೆ ಹೊಸದಾಗಿ ಮಜ್ಜಿಗೆ ಸುರಿದು, ಕಂಬಳಿ ಸುತ್ತಿ ಒಲೆಯ ಮಗ್ಗುಲಿಗೆ ಕೂರಿಸಿದಳು. ಅಳಿಯ ತನ್ನ ಬುರುಡೆಯನ್ನು ಅಡಿಗೆಮನೆಗೆ ಹೊತ್ತು ತಂದು ಹಳೆಯ ರಗ್ಗು ಸುತ್ತಿದ. ನಮ್ಮದು ಹಬ್ಬದ ಬೆಳಿಗ್ಗೆಯ ಹೊತ್ತಿಗೆ ಗುಳುಗುಳು ಎನ್ನತೊಡಗಿತು. ಅವನದಕ್ಕೆ ಇನ್ನಷ್ಟು ದಿನ ಬೇಕಾಯಿತು, ಬೆಣ್ಣೆಯ ವಾಸನೆ ಮಾತ್ರ ನಿಜವಾಗಿಯೂ ಹೋಯಿತು. ಹೊಲದಲ್ಲಿ ಅಂಬಲಿ ಎಲ್ಲರಿಗೂ ಸಾಕಾಗಿ ಮಿಕ್ಕಿತು. ನಾನು ಪದ್ಧತಿಯಂತೆ ಬನ್ನಿ ಗಿಡದ ಕೆಳಗೆ ಮಲಗಿದೆ.

ಮಿಕ್ಕಿದ್ದೇ ತೊಡಕಾಯಿತು. ಅಕ್ಕನನ್ನು ಜೇವರ್ಗಿಗೆ ಬಿಡಲು ಹೊರಟಾಗ ನನ್ನ ಹೆಂಡತಿ ಒಂದು ದೊಡ್ಡ ಪ್ಲಾಸ್ಟಿಕ್ ಬಾಟಲಿ ತುಂಬಿ ಬಿಗಿಯಾಗಿ ಮುಚ್ಚಳ ತಿರುವಿ ಕೊಟ್ಟಳು, ಅಫಜಲಪುರದ ಅಂಬಲಿ ಜೇವರ್ಗಿಯ ಓಣಿಗೂ ಮುಟ್ಟಲಿ ಎಂದು. ಕಲಬುರಗಿಯಲ್ಲಿ ಬಸ್ ಬದಲಿಸಿದೆವು. ಮಧ್ಯಾಹ್ನದ ಬಿಸಿಲು, ಮಂದಿ ತುಂಬಿದ ಬಸ್ಸು, ಕುಲುಕುವ ರಸ್ತೆ. ಗ್ಯಾಸು ಒಳಗೇ ಕೂಡುತ್ತಿದ್ದದ್ದು ಯಾರಿಗೆ ಗೊತ್ತು? ಕಟ್ಟಿಸಂಗಾವಿಯ ಹತ್ತಿರ ಭೀಮಾ ಸೇತುವೆಯ ಮೇಲೆ ಢಬ್ ಎಂದು ಮುಚ್ಚಳ ಹಾರಿತು. ಡ್ರೈವರು ಟೈರು ಹೋಯಿತೆಂದು ಬ್ರೇಕು ಒತ್ತಿದ. ಅರ್ಧ ಬಾಟಲಿ ಎದುರಿನ ಸೀಟಿನ ಮುತ್ಯಾನ ಪಟಗದ ಮೇಲೆ. ನಾನು ಕೈ ಮುಗಿಯುವಷ್ಟರಲ್ಲಿ ಮುತ್ಯಾ ಮೀಸೆಗೆ ಇಳಿದದ್ದನ್ನು ನಾಲಿಗೆಯಿಂದ ಸವರಿ, ಸ್ವಲ್ಪ ವಿಚಾರ ಮಾಡಿ, “ಹುಳಿ ಚೊಲೋ ಬಂದದ. ಉಪ್ಪು ಕಮ್ಮಿ” ಎಂದ. ಆಮೇಲೆ ಜೇವರ್ಗಿಯ ತನಕ ಬಸ್ಸಿನಲ್ಲಿ ಅಂಬಲಿಯದೇ ಚರ್ಚೆ. ನಾಲ್ಕನೆಯ ತಾಲ್ಲೂಕಿನ ಪದ್ಧತಿಯೂ ಒಂದು ಬಂತು.

ಆ ಗದ್ದಲದಲ್ಲೇ ನಾನು ಅಕ್ಕನಿಗೆ ಮಗನ ಪರವಾಗಿ ವಕಾಲತ್ತು ಮಾಡಿದೆ. ನಮ್ಮ ಜೋಳದ ತವರು ಆಫ್ರಿಕಾ, ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂತು. ತವರಿನಲ್ಲಿ ಅದರಿಂದ ಈಗಲೂ ಬಿಯರ್ ಮಾಡುತ್ತಾರೆ. ದಕ್ಷಿಣ ಆಫ್ರಿಕಾದ ಜೋಳದ ಬಿಯರ್ ಸೋಸದ, ಮಂದನೆಯ, ಹುಳಿ ಪಾನೀಯ. ಮೊದಲು ನಮ್ಮ ಅಂಬಲಿಯ ಹಾಗೇ ಹುಳಿ ಬರಿಸಿ, ಆಮೇಲೆ ಯೀಸ್ಟಿಗೆ ಬಿಡುತ್ತಾರೆ. ನೈಜೀರಿಯಾ 1988ರಲ್ಲಿ ಬಾರ್ಲಿ ಮಾಲ್ಟ್ ಆಮದನ್ನೇ ನಿಷೇಧಿಸಿದಾಗ ದೊಡ್ಡ ದೊಡ್ಡ ಕಂಪನಿಗಳೂ ಜೋಳಕ್ಕೆ ಇಳಿದವು. ಎಲ್ಲ ಕೇಳಿ ಅಕ್ಕ ಅಂದಳು: “ಅಂದ್ರ ನಮ್ಮ ಜ್ವಾಳ ಅಲ್ಲಿ ಬಿಯರ್, ಇಲ್ಲಿ ಅಂಬಲಿ. ಬಾರ್ಲಿ ಅಲ್ಲಿ ಬಿಯರ್, ಇಲ್ಲಿ ಕಿಡ್ನಿ ಔಷಧ. ಕಾಳಿಂದು ಏನೂ ತಪ್ಪಿಲ್ಲ. ಕುಡಿಯೋನು ಎಷ್ಟು ಕುಡೀತಾನ ಅದು ನೋಡಬೇಕು.” ಸಂಜೆಗೆ ಡಲ್ಲಾಸಿಗೆ ಆಜ್ಞೆ ಹೋಯಿತು: ತಿಂಗಳಿಗೆ ಒಂದೇ ಬುರುಡೆ, ಮತ್ತು ಸೊಸೆಯ ಒಪ್ಪಿಗೆ ಇದ್ದರೆ ಮಾತ್ರ. ಜಿಮ್ಮಿ ಕಾರ್ಟರನ 750 ಲೀಟರಿಗಿಂತ ಇದು ಬಿಗಿ ಕಾನೂನು. ಮೇಲ್ಮನವಿಗೆ ಅವಕಾಶವಿಲ್ಲ.

ಇಷ್ಟು ಕೇಳಿದ ಮೇಲೆ ನಿಮ್ಮ ಮನೆಯ ಗಡಿಗೆಗೂ ಉಪಯೋಗವಾಗುವ ನಾಲ್ಕು ಮಾತು ಹೇಳದಿದ್ದರೆ ಮಾಸ್ತರಿಕೆಗೆ ಸಮಾಧಾನವಿಲ್ಲ. ಹುಳಿ ಬಾರದಿದ್ದರೆ ಚೆಲ್ಲಬೇಡಿ, ಬೆಚ್ಚಗಿಟ್ಟು ಒಂದು ದಿನ ಕಾಯಿರಿ. ಮೇಲೆ ತೆಳ್ಳನೆಯ ಬಿಳಿ ಪೊರೆ ಕಟ್ಟಿದರೆ ಅದು ಹೆಚ್ಚಾಗಿ ಕಾಡು ಯೀಸ್ಟ್, ರುಚಿ ಕೆಡಿಸುತ್ತದೆ. ಹಸಿರು, ಕಪ್ಪು, ಗುಲಾಬಿ ಬಣ್ಣದ ಬೂಷ್ಟು ಬಂದರೆ ಮೇಲಿಂದ ಬಳಿದು ತೆಗೆಯುವ ಜಿಪುಣತನ ಬೇಡ, ಇಡೀ ಗಡಿಗೆ ಚೆಲ್ಲಿ. ಚಮಚ ಎತ್ತಿದರೆ ನೂಲುನೂಲಾಗಿ ಎಳೆ ಬಂದರೂ, ಕೊಳೆತ ನಾತ ಬಂದರೂ ಚೆಲ್ಲಿ. ಅಂಬಲಿಯನ್ನು ಬಸ್ಸಿನಲ್ಲಿ ಒಯ್ಯುವುದಾದರೆ ಮುಚ್ಚಳ ಸಡಿಲ ಬಿಡಿ, ಉಪ್ಪು ಸರಿಯಾಗಿ ಹಾಕಿ. ಎದುರಿನ ಸೀಟಿನಲ್ಲಿ ಯಾವ ಮುತ್ಯಾ ಕೂತಿರುತ್ತಾನೋ ಹೇಳಲಾಗದು.